ಶೇಡಣ್ಣನ ಕಣ್ಣಿನ ಹಳದಿ

ನಮ್ಮ ಮಿಲ್ಲಿನ ದೊಡ್ಡ ಮುಷ್ಕರ ಯಾರಿಂದ ಗೆದ್ದಿತು ಎಂದು ಕೇಳಿದರೆ ಲಾಠಿ ತಿಂದವರು ಬೆನ್ನು ತೋರಿಸುತ್ತಾರೆ, ಭಾಷಣ ಬಿಗಿದವರು ಗಂಟಲು ತೋರಿಸುತ್ತಾರೆ. ಶೇಡಣ್ಣ ಮಾತ್ರ ತೋರುಬೆರಳನ್ನು ಕಣ್ಣಿನ ಕೆಳಗಿಟ್ಟು ಸುಮ್ಮನೆ ನಗುತ್ತಿದ್ದ. ಹೊಟ್ಟೆ ಉರಿಸುವ ಸಂಗತಿ ಏನೆಂದರೆ ಅವನು ತೋರಿಸುತ್ತಿದ್ದದ್ದೇ ನಿಜ.

ಅದು ಬಟ್ಟೆಗೆ ಬಣ್ಣ ಹಾಕುವ ಮಿಲ್ಲು. ಗಿರಾಕಿ ಅಂಗೈಯಗಲದ ಒಂದು ತುಂಡು ಕಳಿಸಿ ಇದೇ ನೀಲಿ ಬೇಕು ಅನ್ನುತ್ತಾನೆ. ಅದೇ ನೀಲಿಯನ್ನು ಥಾನುಗಟ್ಟಲೆ ಬಟ್ಟೆಗೆ ಹತ್ತಿಸಬೇಕು. ಕುದಿಯುವ ತೊಟ್ಟಿಯಿಂದ ಎತ್ತಿದ ಬಟ್ಟೆ ಗಿರಾಕಿಯ ತುಂಡಿಗೆ ಕೂಡುತ್ತದೋ ಇಲ್ಲವೋ ಎಂದು ತೀರ್ಪು ಕೊಡುವವನು ಶೇಡಣ್ಣ. ಬಣ್ಣದ ಛಾಯೆಗೆ ಮಿಲ್ಲಿನಲ್ಲಿ ಶೇಡ್ ಅನ್ನುತ್ತಾರೆ, ಅವನ ಹೆಸರು ಅಲ್ಲಿಂದ ಬಂತು. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ದಿನ ಬಿಟ್ಟರೆ ಬೇರೆ ಯಾವತ್ತೂ ಯಾರಿಗೂ ಬೇಕಾಗುತ್ತಿರಲಿಲ್ಲ.

ಮುಷ್ಕರದಲ್ಲಿ ನಾವೆಲ್ಲ ಗೇಟಿನ ಮುಂದೆ ಒಣಗುತ್ತಿದ್ದಾಗ ಮಾಲೀಕರು ಹೊರಗಿನಿಂದ ಯಾರನ್ನೋ ಕರೆಸಿ, ಅವನ ಕೈಗೊಂದು ಬಣ್ಣ ಅಳೆಯುವ ಯಂತ್ರ ಕೊಟ್ಟು, ತೊಟ್ಟಿಗಳನ್ನು ಓಡಿಸಿದರು. ಶಾಲೆಯ ಅಂಗಿಗಳ ದೊಡ್ಡ ಆರ್ಡರು. ಹೊಲಿದು ನೋಡಿದರೆ ಒಂದು ತೋಳು ಒಂದು ನೀಲಿ, ಇನ್ನೊಂದು ತೋಳು ಇನ್ನೊಂದು ನೀಲಿ, ಜೇಬು ಎರಡಕ್ಕೂ ಸಂಬಂಧವಿಲ್ಲದ್ದು. ಗಿರಾಕಿ ಲಾರಿ ತುಂಬ ವಾಪಸ್ಸು ತಂದು ಸುರಿದ. ನಮ್ಮ ಘೋಷಣೆಗೆ ಬಾಗದ ಮಾಲೀಕರು ಆ ತೋಳುಗಳಿಗೆ ಬಾಗಿ ಮಾತುಕತೆಗೆ ಕರೆದರು. ಅಂದಿನಿಂದ ಶೇಡಣ್ಣನ ಕಣ್ಣು ಸಂಘದ ಆಸ್ತಿ ಅಂತಾಯಿತು. ಆಸ್ತಿ ಇದ್ದವನ ನಡಿಗೆ ಹೇಗಿರುತ್ತದೋ ಅವನ ನಡಿಗೆಯೂ ಹಾಗೇ ಆಯಿತು.

ಅವನು ಕೂರುತ್ತಿದ್ದ ಶೇಡ್ ಕೋಣೆ ಮಹಡಿಯ ಮೇಲಿತ್ತು. ಗೋಡೆಗೆಲ್ಲ ಬೂದಿ ಬಣ್ಣ. ಬಿಸಿಲು ನೇರವಾಗಿ ಎಂದೂ ಬೀಳದ ದಿಕ್ಕಿಗೆ ಒಂದೇ ದೊಡ್ಡ ಕಿಟಕಿ, ಅದರ ಕೆಳಗೆ ಬೂದಿ ಬಣ್ಣದ್ದೇ ಮೇಜು. ಕೆಂಪು ಅಂಗಿ ಹಾಕಿದವನಿಗೆ ಒಳಗೆ ಪ್ರವೇಶವಿಲ್ಲ. ಅಂಗಿಯ ಕೆಂಪು ಬಟ್ಟೆಯ ಮೇಲೆ ಬಿದ್ದು ಶೇಡ್ ಕೆಡುತ್ತದೆ. ಒಮ್ಮೆ ಸಂಘದ ಅಧ್ಯಕ್ಷರೇ ಹೆಗಲ ಮೇಲೆ ಕೆಂಪು ವಸ್ತ್ರ ಹೊದ್ದು ಬಂದಾಗ, "ಕ್ರಾಂತಿನ ಮೆಟ್ಟಿಲ ಹತ್ರ ಬಿಚ್ಚಿಟ್ಟು ಬನ್ನಿ" ಅಂದಿದ್ದ. ಮಡಿಕೆ ವಿಭಾಗದಲ್ಲಿ ಬಟ್ಟೆ ಮಡಿಸುತ್ತಿದ್ದ ಅವನ ಹೆಂಡತಿ ಮದುವೆಯ ಹೊಸದರಲ್ಲಿ ಗಾಢ ಬಣ್ಣ ಉಟ್ಟರೆ ಅವನು ಗೋಡೆಗೆ ಮುಖ ಮಾಡಿ ಉಣ್ಣುತ್ತಿದ್ದನಂತೆ. ಇದನ್ನು ಅವಳೇ ಹೇಳುತ್ತಿದ್ದಳು. "ನನ್ನ ಜನ್ಮವೆಲ್ಲ ಬೂದಿ ಬಣ್ಣದಲ್ಲೇ ಕಳೀತು. ಸತ್ತ ಮೇಲೆ ಹೆಂಗೂ ಅದೇ ತಾನೇ, ಈಗಲೇ ಯಾಕೆ ಅಂತ ಕೇಳೋ ಹಾಗೂ ಇಲ್ಲ."

ಇಂಥ ಮನುಷ್ಯ ಒಂದು ವರ್ಷದಿಂದೀಚೆಗೆ ಜನರ ನಮಸ್ಕಾರಕ್ಕೆ ತಿರುಗಿ ನಮಸ್ಕಾರ ಮಾಡುವುದನ್ನು ಬಿಟ್ಟ.

ಎದುರಿಗೆ ಬಂದವರನ್ನು ಮಾತಾಡಿಸುತ್ತಿದ್ದ. ಪಕ್ಕದಲ್ಲಿ ಬಂದವರನ್ನು, ಅದರಲ್ಲೂ ಎಡಗಡೆಯವರನ್ನು, ಕಂಬದ ಹಾಗೆ ದಾಟಿ ಹೋಗುತ್ತಿದ್ದ. ಮೊದಲು ಕೆಲಸ ಜಾಸ್ತಿಯಾಗಿದೆ ಅಂದುಕೊಂಡರು. ಆಮೇಲೆ ಕೊಬ್ಬು ಜಾಸ್ತಿಯಾಗಿದೆ ಅಂದರು. ಗೇಟಿನ ಹತ್ತಿರ ತರಕಾರಿ ಮಾರುವವಳು, "ಮೇಲಿನ ಕೋಣೆಲಿ ಕೂತು ಕೂತು ನೆಲದ ಮೇಲಿರೋರು ಕಾಣಿಸ್ತಿಲ್ಲ ಸ್ವಾಮಿಗಳಿಗೆ" ಅಂದಳು. ಅವನ ಎಡಭುಜಕ್ಕೆ ಬಾಗಿಲ ಚೌಕಟ್ಟು ಬಡಿದು ಬಡಿದು ಕಪ್ಪುಗಟ್ಟಿದ್ದು ಹೆಂಡತಿಗೆ ಮಾತ್ರ ಗೊತ್ತಿತ್ತು. ಚೌಕಟ್ಟು ಕಟ್ಟಿದ ಬಡಗಿಯನ್ನು ಬೈದು ಅವನು ಆ ವಿಷಯ ಮುಗಿಸುತ್ತಿದ್ದ.

ಅವನಿಗೆ ನಿಜವಾಗಿ ತೊಂದರೆ ಅನ್ನಿಸಿದ್ದು ಬೆಳಕು. ಸಂಜೆ ಎದುರಿಗೆ ಬರುವ ವಾಹನಗಳ ದೀಪ ಕಣ್ಣಿಗೆ ಸೂಜಿ ಹಾಕಿದ ಹಾಗೆ ಚುಚ್ಚುತ್ತಿತ್ತು. ಬಿಳಿ ಬಟ್ಟೆಯ ಥಾನು ಬಿಚ್ಚಿದರೆ ಕಣ್ಣು ಕಿರಿದಾಗುತ್ತಿತ್ತು. ಶೇಡ್ ನೋಡುವವನಿಗೆ ಬಿಳಿ ಹೊಡೆಯುತ್ತದೆ ಅಂದರೆ ಅದು ಅವಮಾನ. ಹಾಗಾಗಿ ಹೆಂಡತಿ ಕಣ್ಣಿನ ಡಾಕ್ಟರ ಹತ್ತಿರ ಹೋಗೋಣ ಅಂದಾಗ ಅವನು ಬೇಡ ಅನ್ನಲಿಲ್ಲ.

ಡಾಕ್ಟರು ನಡುವಯಸ್ಸಿನ ಹೆಂಗಸು. ನಿಧಾನಸ್ಥೆ, ರೋಗಿಗೆ ಅರ್ಥವಾಗುವವರೆಗೂ ಹೇಳುವ ಕೆಟ್ಟ ಅಭ್ಯಾಸ ಇದ್ದವರು. ಗೋಡೆಯ ಮೇಲಿನ ಅಕ್ಷರಗಳನ್ನು ಓದಿ ಅಂದರು. ಶೇಡಣ್ಣ ಒಂದೊಂದೇ ಕಣ್ಣು ಮುಚ್ಚಿ ಕೊನೆಯ ಸಾಲಿನವರೆಗೆ ಗಡಗಡ ಓದಿ, ಅದರ ಕೆಳಗೆ ಮುದ್ರಣಾಲಯದ ಹೆಸರನ್ನೂ ಓದಿ, "ಕೆಳಗಿನ ಸಾಲಿನ ಕಪ್ಪು ಮೇಲಿನ ಸಾಲಿಗಿಂತ ಸ್ವಲ್ಪ ತೆಳು ಇದೆ ಮೇಡಂ, ಶಾಯಿ ಕಮ್ಮಿ ಬಿದ್ದಿದೆ" ಎಂದು ಸೇರಿಸಿದ.

"ನಡುವಿನ ನೋಟ ಬಹಳ ಚೆನ್ನಾಗಿದೆ" ಅಂದರು ಡಾಕ್ಟರು.

ಅವನು ಹೆಂಡತಿಯ ಕಡೆ ನೋಡಿದ. ಡಾಕ್ಟರು ನಡುವಿನ ನೋಟ ಅಂದದ್ದನ್ನು ಅವಳು ಕೇಳಿಸಿಕೊಂಡಿದ್ದಳು, ಅವನು ಕೇಳಿಸಿಕೊಂಡದ್ದು ಬಹಳ ಚೆನ್ನಾಗಿದೆ ಅನ್ನುವುದನ್ನು ಮಾತ್ರ.

ಆಮೇಲೆ ಕಣ್ಣಿನ ಒತ್ತಡ ಅಳೆದರು. ಅದು ಇರಬೇಕಾದ್ದಕ್ಕಿಂತ ಬಹಳ ಮೇಲಿತ್ತು. ಪಕ್ಕದ ಕೋಣೆಯಲ್ಲಿ ಒಂದು ದೊಡ್ಡ ಬಿಳಿ ಬಟ್ಟಲಿನಂಥ ಯಂತ್ರದೊಳಗೆ ಗದ್ದ ಇಡಿಸಿದರು. ನಡುವಿನ ಚುಕ್ಕೆಯನ್ನೇ ನೋಡುತ್ತಿರಬೇಕು, ಸುತ್ತ ಎಲ್ಲಾದರೂ ದೀಪ ಮಿಣುಕಿದರೆ ಕೈಯಲ್ಲಿರುವ ಗುಂಡಿ ಒತ್ತಬೇಕು. ಶೇಡಣ್ಣ ಕೆಲಸಕ್ಕೆ ಕೂತವನ ಹಾಗೆ ಲಯ ಹಿಡಿದು ಒತ್ತತೊಡಗಿದ.

"ಅಂಕಲ್, ದೀಪ ಇನ್ನೂ ಬಂದೇ ಇಲ್ಲ, ಆಗಲೇ ಒತ್ತುತ್ತಿದ್ದೀರಲ್ಲ!" ಅಂದಳು ಯಂತ್ರ ನೋಡಿಕೊಳ್ಳುವ ಹುಡುಗಿ.

"ಬರುತ್ತೆ ಅಂತ ಗೊತ್ತಿತ್ತಮ್ಮ."

"ಯಂತ್ರಕ್ಕೂ ಗೊತ್ತಾಗುತ್ತೆ ಅಂಕಲ್, ನೀವು ಸುಮ್ಮಸುಮ್ಮನೆ ಒತ್ತಿದ್ದು."

ಮತ್ತೆ ಮೊದಲಿನಿಂದ ಮಾಡಿಸಿದರು. ಡಾಕ್ಟರು ಕಾಗದ ನೋಡಿ, ಕುರ್ಚಿ ಎಳೆದು ಅವನ ಎದುರಿಗೆ ಕೂತು ಹೇಳಿದರು. ರೋಗದ ಹೆಸರು ಗ್ಲಾಕೋಮಾ. ಕಣ್ಣಿನೊಳಗಿನ ನೀರು ಸರಿಯಾಗಿ ಹರಿದು ಹೋಗದೆ ಒತ್ತಡ ಏರುತ್ತದೆ, ಕಣ್ಣಿನಿಂದ ಮೆದುಳಿಗೆ ಹೋಗುವ ನರ ಸವೆಯುತ್ತದೆ. ನೋವಿಲ್ಲ, ಉರಿಯಿಲ್ಲ. ಸಾಮಾನ್ಯವಾಗಿ ಅಂಚಿನ ಕಡೆಯ ನೋಟ ಮೊದಲು ಹೋಗುತ್ತದೆ, ನಡುವಿನದು ಕೊನೆಗೆ. ಎಡಗಣ್ಣಿನಲ್ಲಿ ಬಹಳ ಹೋಗಿದೆ, ಬಲಗಣ್ಣಿನಲ್ಲಿ ಶುರುವಾಗಿದೆ. ಹೋದದ್ದು ವಾಪಸ್ಸು ಬರುವುದಿಲ್ಲ. ಇರುವುದನ್ನು ಉಳಿಸಿಕೊಳ್ಳಬೇಕಾದರೆ ದಿನಾ ಸಂಜೆ ಎರಡೂ ಕಣ್ಣಿಗೆ ಒಂದೊಂದು ಹನಿ ಔಷಧ, ಬದುಕಿರುವವರೆಗೆ.

ಶೇಡಣ್ಣ ತಲೆಯಾಡಿಸಿದ. ಒತ್ತಡ, ನೀರು, ಹರಿವು ಇವೆಲ್ಲ ಅವನ ಲೆಕ್ಕದಲ್ಲಿ ಬಾಯ್ಲರ್ ಮನೆಯವರ ಮಾತು. ಮಿಲ್ಲಿನಲ್ಲಿ ಬಾಯ್ಲರ್ ಮನೆ ಕೆಳಗೆ, ಮಸಿಯಲ್ಲಿ. ಶೇಡ್ ಕೋಣೆ ಮೇಲೆ, ಬೆಳಕಿನಲ್ಲಿ. ಕಾರ್ಮಿಕರೆಲ್ಲ ಒಂದು ಎಂದು ನಾವು ಗೇಟಿನಲ್ಲಿ ಕೂಗಿದ್ದು ಗೇಟಿನವರೆಗೆ ಮಾತ್ರ. ಒಳಗೆ ಹೋದ ಮೇಲೆ ಬಣ್ಣ ನೋಡುವವನು ಬೆಂಕಿ ನೋಡುವವನ ಜೊತೆ ಕೂತು ಚಹಾ ಕುಡಿಯುತ್ತಿರಲಿಲ್ಲ.

"ಅದಿರಲಿ ಮೇಡಂ, ಬೆಳಕು ಯಾಕೆ ಹೊಡೆಯುತ್ತೆ ಅದನ್ನ ಹೇಳಿ" ಅಂದ.

ಡಾಕ್ಟರಿಗೆ ಪುರುಸೊತ್ತಿತ್ತು. ಅದೇ ತಪ್ಪಾಯಿತು. ಕಣ್ಣಿನ ಹಿಂದಿನ ಪರದೆಯ ನಟ್ಟನಡುವೆ ಒಂದು ಹಳದಿ ಬಣ್ಣ ಇರುತ್ತದೆ ಅಂದರು. ತೀಕ್ಷ್ಣವಾದ ನೀಲಿ ಬೆಳಕನ್ನು ಅದು ಸೋಸುತ್ತದೆ, ಪರದೆಯನ್ನು ಕಾಯುತ್ತದೆ. ದೇಹ ಅದನ್ನು ತಾನೇ ಮಾಡಿಕೊಳ್ಳುವುದಿಲ್ಲ. ಸೊಪ್ಪು, ಮೆಕ್ಕೆಜೋಳ, ಮೊಟ್ಟೆಯ ಹಳದಿ ಇಂಥವುಗಳಿಂದ ಬರಬೇಕು. ಅದು ಕಡಿಮೆ ಇದ್ದವರಿಗೆ ಬೆಳಕು ಹೆಚ್ಚು ಹೊಡೆಯಬಹುದು. ಈ ರೋಗ ಇರುವವರ ಕಣ್ಣಲ್ಲಿ ಆ ಹಳದಿ ಕಡಿಮೆ ಇರುತ್ತದೆ ಎಂದು ಕೆಲವು ಅಧ್ಯಯನಗಳು ಹೇಳುತ್ತವೆ, ವ್ಯತ್ಯಾಸ ಇಲ್ಲ ಎಂದು ಕೆಲವು ಹೇಳುತ್ತವೆ. "ಬಣ್ಣ ಕಮ್ಮಿಯಾಗಿ ರೋಗ ಬಂತೋ, ರೋಗ ಬಂದು ಬಣ್ಣ ಕಮ್ಮಿಯಾಯ್ತೋ ಯಾರಿಗೂ ಇನ್ನೂ ಖಚಿತ ಇಲ್ಲ. ಸೊಪ್ಪು ತಿನ್ನಿ, ಒಳ್ಳೇದೇ. ಆದರೆ ಹನಿ ಬಿಡೋ ಹಾಗಿಲ್ಲ."

ಶೇಡಣ್ಣ ಕೇಳಿಸಿಕೊಂಡದ್ದು ಒಂದೇ: ಕಣ್ಣಿನ ಬಣ್ಣ ಇಳಿದಿದೆ. ಇಡೀ ಆಸ್ಪತ್ರೆಯಲ್ಲಿ ಮೊದಲ ಸಲ ಯಾರೋ ಅವನ ಕಸುಬಿನ ಮಾತಾಡಿದ್ದರು. ಮೆಟ್ಟಿಲು ಇಳಿಯುವಾಗ ಅವನ ಮುಖದಲ್ಲಿ ರೋಗಿಯ ಕಳೆ ಇರಲಿಲ್ಲ, ಹೊಸ ಆರ್ಡರು ಸಿಕ್ಕವನ ಕಳೆ ಇತ್ತು.

ಅವತ್ತೇ ಮನೆಗೆ ಹೆಂಡತಿಯ ತಮ್ಮ ಬಂದ. ಅವನೇ ಮಿಲ್ಲಿನ ಬಾಯ್ಲರ್ ನೋಡಿಕೊಳ್ಳುವವನು. ಅಕ್ಕನನ್ನು ಶೇಡ್ ಕೋಣೆಗೆ ಕೊಟ್ಟದ್ದು ತನ್ನ ಮನೆತನದ ದೊಡ್ಡ ತಪ್ಪು ಎಂದು ನಂಬಿದವನು. ಒತ್ತಡದ ವಿಷಯ ಅಕ್ಕ ಹೇಳಿದ ಕೂಡಲೇ ಎದ್ದು ಕೂತ.

"ಭಾವ, ಇದು ನನ್ನ ಇಲಾಖೆ. ಒತ್ತಡ ಏರಿದಾಗ ಹಬೆ ಬಿಡಬೇಕು. ಡಾಕ್ಟ್ರು ಕೊಟ್ಟಿರೋ ಹನಿ ಅದನ್ನೇ ಮಾಡೋದು. ಹಾಕ್ಕೊಳ್ಳಿ ಸುಮ್ನೆ."

"ನನ್ನ ಕಣ್ಣೇನು ನಿನ್ನ ಡಬ್ಬ ಅಂದ್ಕೊಂಡ್ಯೇನೋ? ಕಲ್ಲಿದ್ದಲು ಹಾಕಿ ಉರಿಸ್ತಾರಾ ಒಳಗೆ?"

"ಉರಿಸೋದೇನು ಬೇಡ, ಉರೀತಾನೇ ಇರುತ್ತೆ ನಿಮ್ದು ಯಾವಾಗ್ಲೂ" ಅಂದ ತಮ್ಮ. ಅಕ್ಕ ನಕ್ಕಳು. ಭಾವ ನಗಲಿಲ್ಲ.

ಔಷಧದ ಬಾಟಲಿ ಹೆಬ್ಬೆರಳಿನಷ್ಟಿತ್ತು. ಒಳಗಿನ ಹನಿ ನೀರಿನ ಹಾಗೆ ತಿಳಿಯಾಗಿತ್ತು, ಮೊದಲ ಸಲ ಹಾಕಿದಾಗ ಕಣ್ಣು ಚುರುಗುಟ್ಟಿತು. ಶೇಡಣ್ಣನಿಗೆ ಮೊದಲ ಅನುಮಾನ ಅಲ್ಲೇ ಬಂತು. ಬಣ್ಣದ ಮಿಲ್ಲಿನಲ್ಲಿ ಬಣ್ಣ ಹಾಕುವುದೆಲ್ಲ ಬಣ್ಣದ್ದಾಗಿರುತ್ತದೆ. ತಿಳಿಯಾಗಿದ್ದು ಕಣ್ಣು ಚುರುಗುಟ್ಟಿಸುವಂಥದ್ದು ಯಾವುದಾದರೂ ಇದ್ದರೆ ಅದು ಬಣ್ಣ ಇಳಿಸುವ ನೀರು. ತಪ್ಪು ಶೇಡ್ ಬಂದ ಬಟ್ಟೆಯನ್ನು ಅದರಲ್ಲಿ ಮುಳುಗಿಸಿ ಬೋಳು ಮಾಡುತ್ತಾರೆ. ಇದ್ದ ಹಳದಿಯೇ ಸಾಲದು ಅಂದ ಮೇಲೆ ಅದರ ಮೇಲೆ ಇದನ್ನು ಸುರಿಯುವುದೆ?

ಆದರೂ ಅವನು ಅನುಮಾನಕ್ಕೆ ಬಲಿಯಾಗುವವನಲ್ಲ, ಪರೀಕ್ಷೆ ಮಾಡಿ ನೋಡುವವನು. ಬಾಟಲಿಯನ್ನು ಶೇಡ್ ಕೋಣೆಗೆ ಒಯ್ದು ಹಳದಿ ಬಟ್ಟೆಯ ಒಂದು ತುಂಡಿನ ಮೇಲೆ ಒಂದು ಹನಿ ಬಿಟ್ಟ. ಒಣಗಿದ ಮೇಲೆ ನೋಡಿದರೆ ನಡುವೆ ಸಣ್ಣ ಬಿಳಿಚು ಉಂಗುರ. ಮುಗಿಯಿತು. ಆ ತುಂಡಿಗೆ ಬಣ್ಣ ಇನ್ನೂ ಕಟ್ಟಿರಲಿಲ್ಲ, ಅಂದರೆ ನೂಲಿಗೆ ಗಟ್ಟಿಯಾಗಿ ಹತ್ತಿರಲಿಲ್ಲ, ಬಾವಿಯ ನೀರು ಬಿಟ್ಟಿದ್ದರೂ ಅದೇ ಉಂಗುರ ಬರುತ್ತಿತ್ತು. ಬಣ್ಣ ಕಟ್ಟದ ತುಂಡಿನ ಮೇಲೆ ಯಾವತ್ತೂ ಪರೀಕ್ಷೆ ಮಾಡಬೇಡಿ ಎಂದು ಕೆಲಸ ಕಲಿಯಲು ಬಂದವರ ತಲೆಗೆಲ್ಲ ಮೊಟಕಿದವನು ಅವನೇ. ಆದರೆ ತಲೆಗೆ ಮೊಟಕುವವನ ತಲೆಗೆ ಮೊಟಕುವವರು ಆ ಕೋಣೆಯಲ್ಲಿ ಯಾರೂ ಇರಲಿಲ್ಲ.

ಅಲ್ಲಿಂದ ಸಂಜೆಯ ಕಾರ್ಯಕ್ರಮ ಹೀಗೆ ನಡೆಯಿತು. ಬಾಟಲಿ ಹಿಡಿದು ಬಚ್ಚಲಿಗೆ ಹೋಗುವುದು. ಹೆಂಡತಿ ಹೊರಗಿನಿಂದ, "ಹಾಕಿದ್ರಾ ರೀ?" ಅನ್ನುವುದು. "ಹಾಕ್ದೆ ಕಣೇ." ಅದು ಸುಳ್ಳಲ್ಲ. ಎಲ್ಲಿಗೆ ಎಂದು ಅವಳು ಕೇಳುತ್ತಿರಲಿಲ್ಲ. ಬಚ್ಚಲ ಮೋರಿಗೆ ಗ್ಲಾಕೋಮಾ ಇದ್ದಿದ್ದರೆ ಪೂರ್ತಿ ವಾಸಿಯಾಗುತ್ತಿತ್ತು. ಬಾಟಲಿ ಮುಗಿದಾಗ ಅವಳೇ ಅಂಗಡಿಗೆ ಹೋಗಿ ಇನ್ನೊಂದು ತರುತ್ತಿದ್ದಳು.

ಇನ್ನೊಂದು ಕಡೆ ಬಣ್ಣ ಕಟ್ಟುವ ಕೆಲಸ ಶುರುವಾಯಿತು. ಬೆಳಿಗ್ಗೆ ಸೊಪ್ಪು, ಮಧ್ಯಾಹ್ನ ಸೊಪ್ಪು, ಸಂಜೆ ಬೇಯಿಸಿದ ಮೆಕ್ಕೆಜೋಳ. ಮೊಟ್ಟೆಯ ಹಳದಿ ಅವನಿಗೆ, ಬಿಳಿ ಅವಳಿಗೆ.

"ಮದುವೆ ಆದಾಗಿನಿಂದ ಇದೇ ಪಾಲು" ಅಂದಳು ಅವಳು. "ಬಣ್ಣ ನಿಮಗೆ, ಬಿಳಿಚಿದ್ದು ನನಗೆ."

ಚೆಂಡುಹೂವಿನಿಂದ ತೆಗೆದ ಸತ್ವದ ಗುಳಿಗೆ ಔಷಧದ ಅಂಗಡಿಯಲ್ಲಿ ಸಿಗುತ್ತದೆ ಎಂದು ಯಾರೋ ಹೇಳಿದರು, ಅದೂ ಬಂತು. ಬಟ್ಟೆಯನ್ನು ಒಂದೇ ಸಲ ಗಾಢ ಬಣ್ಣದಲ್ಲಿ ಅದ್ದಬಾರದು, ತೆಳು ಬಣ್ಣದಲ್ಲಿ ಮತ್ತೆ ಮತ್ತೆ ಅದ್ದಬೇಕು ಎಂಬುದು ಕಸುಬಿನ ನಿಯಮ. ಅದರಂತೆ ಅವನು ಸೊಪ್ಪನ್ನೂ ಒಂದೇ ಸಲ ತಿನ್ನದೆ ಸ್ವಲ್ಪ ಸ್ವಲ್ಪವಾಗಿ ದಿನವಿಡೀ ಮೇಯುತ್ತಿದ್ದ. ಶೇಡ್ ಕೋಣೆಯ ಮೇಜಿನ ಕೆಳಗೆ ಸದಾ ಒಂದು ಕಟ್ಟು ಇರುತ್ತಿತ್ತು.

ಎಲ್ಲಕ್ಕಿಂತ ಕೆಟ್ಟದ್ದೆಂದರೆ, ಅದು ಕೆಲಸ ಮಾಡಿತು. ಕೆಲವು ತಿಂಗಳಲ್ಲಿ ಬೆಳಕು ಹೊಡೆಯುವುದು ಕಡಿಮೆಯಾಯಿತು ಎಂದು ಅವನು ಸಾರಿದ. ಹೌದೋ, ನಂಬಿಕೆಯೋ, ದೇವರೇ ಬಲ್ಲ. ಬಿಳಿ ಥಾನನ್ನು ಕಣ್ಣು ಕಿರಿದು ಮಾಡದೆ ನೋಡುತ್ತಿದ್ದದ್ದಂತೂ ನಾವೇ ನೋಡಿದ್ದೇವೆ. ಕಳೆದುಹೋಗುತ್ತಿದ್ದದ್ದು ಅಂಚು, ಗುಣವಾದದ್ದು ನಡು. ಸುಡುತ್ತಿರುವ ಮನೆಯ ಅಂಗಳಕ್ಕೆ ನೀರು ಚಿಮುಕಿಸಿ ಧೂಳು ಅಡಗಿತು ಅಂದ ಹಾಗೆ. ಅವನು ಊಟದ ಬಿಡುವಿನಲ್ಲಿ ಭಾಷಣ ಶುರು ಮಾಡಿದ. ಯಾರ ಮಾತಿಗೂ ಸೊಪ್ಪು ಹಾಕದ ನಮ್ಮ ಕಾರ್ಮಿಕರು ಸೊಪ್ಪು ಕೊಳ್ಳತೊಡಗಿದರು. ಗೇಟಿನ ತರಕಾರಿಯವಳು ಅವನನ್ನು ಸ್ವಾಮಿಗಳು ಅನ್ನುವುದನ್ನು ಬಿಟ್ಟು ಸ್ವಾಮಿ ಅನ್ನತೊಡಗಿದಳು, ಈ ಸಲ ಭಕ್ತಿಯಿಂದ.

ಅಷ್ಟರಲ್ಲಿ ಟ್ರಾಲಿ ಉರುಳಿತು.

ತೊಟ್ಟಿಗಳ ಸಾಲಿನ ನಡುವೆ ಒಂದು ಓಣಿ. ಬಿಸಿ ಬಣ್ಣದ ನೀರಿನ ಡ್ರಮ್ಮುಗಳನ್ನು ಟ್ರಾಲಿಯಲ್ಲಿ ತಳ್ಳಿಕೊಂಡು ಬರುವವಳು ಒಬ್ಬ ಗಟ್ಟಿ ಹೆಣ್ಣುಮಗಳು, ಗಂಡಸರನ್ನೂ ಟ್ರಾಲಿಯನ್ನೂ ಒಂದೇ ದನಿಯಲ್ಲಿ ಬೈಯುವವಳು. ಶೇಡಣ್ಣ ಬಟ್ಟೆಯ ತುಂಡು ಹಿಡಿದು ಓಣಿಯಲ್ಲಿ ನಿಂತಿದ್ದ. ಅವಳು ಎಡಗಡೆಯಿಂದ ಬಂದಳು. "ಸರೀರಿ, ಸರೀರಿ" ಎಂದು ಕೂಗಿದಳು. ಯಂತ್ರಗಳ ಸದ್ದಿನಲ್ಲಿ ಕೂಗು ಯಾರಿಗೂ ಕೇಳದು, ಅಲ್ಲಿ ಎಲ್ಲರೂ ಕಣ್ಣಂಚಿನಲ್ಲಿ ನೋಡಿಯೇ ಸರಿಯುವುದು. ಅವನು ಸರಿಯಲಿಲ್ಲ, ಬದಲಿಗೆ ಒಂದು ಹೆಜ್ಜೆ ಎಡಕ್ಕೇ ಇಟ್ಟ. ಅವನಿಗೆ ಗುದ್ದಬಾರದೆಂದು ಅವಳು ಟ್ರಾಲಿಯನ್ನು ಪಕ್ಕಕ್ಕೆ ಎಳೆದಳು. ಡ್ರಮ್ಮು ವಾಲಿ ಬಿಸಿನೀರು ಅವಳ ಪಾದದ ಮೇಲೆ ಹೋಯಿತು.

ಕಂಪನಿ ವಿಚಾರಣೆಗೆ ಕೂತಿತು. ಅವಳು, "ನನ್ನ ಕಡೆ ನೋಡ್ಕೊಂಡೇ ಅಡ್ಡ ಬಂದ್ರು" ಅಂದಳು. ಅವನು, "ಗಾಡಿ ಅಲ್ಲಿರಲೇ ಇಲ್ಲ, ಆಕಾಶದಿಂದ ಬಿದ್ದ ಹಾಗೆ ಬಂತು" ಅಂದ. ಇಬ್ಬರೂ ಕಂಡದ್ದನ್ನೇ ಹೇಳಿದರು. ಕಂಪನಿ ತಪ್ಪು ಅವಳದ್ದು ಅನ್ನುವುದರಲ್ಲಿತ್ತು. ಆಗ ಸಂಘ ಎದ್ದಿತು. ಇಬ್ಬರೂ ನಮ್ಮವರೇ, ತಪ್ಪು ಇಬ್ಬರದ್ದೂ ಅಲ್ಲ, ಓಣಿಯದ್ದು ಎಂದೆವು. ಕಿರಿದಾದ ಓಣಿ ಕಾರ್ಮಿಕರ ಪ್ರಾಣ ಹಿಂಡುತ್ತಿದೆ ಎಂದು ಘೋಷಣೆ ಕಟ್ಟಿದೆವು, ಗೇಟಿನಲ್ಲಿ ಕೂತೆವು, ಗೆದ್ದೆವು. ಗೋಡೆ ಒಡೆದು ಓಣಿಯನ್ನು ದೊಡ್ಡದು ಮಾಡಿದರು. ಓಣಿ ಅಗಲವಾಯಿತು, ಶೇಡಣ್ಣನ ನೋಟ ಇನ್ನೂ ಕಿರಿದಾಯಿತು. ಅಗಲವಾದ ಓಣಿಯಲ್ಲೂ ಅವನು ಯಾರಿಗಾದರೂ ಬಡಿದುಕೊಂಡಾಗಲೇ ನಮಗೆ ಅನುಮಾನ ಬರಬೇಕಿತ್ತು. ಆದರೆ ಗೆದ್ದ ಚಳವಳಿಯ ಮೇಲೆ ಅನುಮಾನ ಪಡುವ ಅಭ್ಯಾಸ ನಮಗಿಲ್ಲ.

ಅನುಮಾನ ಬಂದದ್ದು ಹೆಂಡತಿಗೆ. ಟ್ರಾಲಿ ಎಡಗಡೆಯಿಂದ ಬಂತು ಎಂದು ಕೇಳಿದ ದಿನವೇ ಅವನನ್ನು ಮತ್ತೆ ಆಸ್ಪತ್ರೆಗೆ ಎಳೆದುಕೊಂಡು ಹೋದಳು.

ಒತ್ತಡ ಇಳಿದಿರಲಿಲ್ಲ. ಬಟ್ಟಲ ಯಂತ್ರದ ಕಾಗದ ಮೊದಲಿಗಿಂತ ಕೆಟ್ಟದಾಗಿತ್ತು. ಡಾಕ್ಟರ ಹುಬ್ಬು ಗಂಟಾಯಿತು.

"ಹನಿ ದಿನಾ ಹಾಕಿದ್ದೀರಾ?"

"ಒಂದು ದಿನ ತಪ್ಪಿಲ್ಲ ಮೇಡಂ. ಇವಳನ್ನೇ ಕೇಳಿ."

"ಹೌದು ಮೇಡಂ, ನಾನೇ ಬಾಟಲಿ ಮೇಲೆ ಬಾಟಲಿ ತಂದಿದ್ದೀನಿ" ಅಂದಳು ಅವಳು.

"ಹಾಗಾದರೆ ಔಷಧ ಹಿಡೀತಿಲ್ಲ. ಆಪರೇಷನ್ ಯೋಚನೆ ಮಾಡಬೇಕಾಗುತ್ತೆ" ಅಂದರು ಡಾಕ್ಟರು. ದೀಪ ಹತ್ತಿರ ತಂದು ಅವನ ರೆಪ್ಪೆಗಳನ್ನು ನೋಡಿದರು. ಮತ್ತೊಮ್ಮೆ ನೋಡಿದರು. "ವಿಚಿತ್ರ. ಈ ಹನಿ ಇಷ್ಟು ತಿಂಗಳು ಹಾಕಿದರೆ ಎಷ್ಟೋ ಜನಕ್ಕೆ ರೆಪ್ಪೆಕೂದಲು ಉದ್ದ ಆಗುತ್ತೆ, ದಟ್ಟ ಆಗುತ್ತೆ. ನಿಮ್ಮದು ಇದ್ದ ಹಾಗೇ ಇದೆ. ಕೆಲವರಿಗೆ ಕಣ್ಣಿನ ಪಾಪೆ ಸುತ್ತಲಿನ ಬಣ್ಣ ಕೂಡ ಗಾಢ ಆಗುತ್ತೆ."

ಶೇಡಣ್ಣ ತಟ್ಟನೆ ತಲೆಯೆತ್ತಿದ. "ಗಾಢ? ಬಣ್ಣ ಗಾಢ ಆಗುತ್ತಾ? ಇಳಿಯಲ್ವಾ?"

"ಇಳಿಯೋದಾ? ಯಾರು ಹೇಳಿದ್ದು?"

ಹೆಂಡತಿ ಅವನ ಗದ್ದ ಹಿಡಿದು ಮುಖವನ್ನು ಕಿಟಕಿಯ ಬೆಳಕಿಗೆ ತಿರುಗಿಸಿದಳು, ಅವನು ಬಟ್ಟೆಯ ತುಂಡನ್ನು ತಿರುಗಿಸಿ ನೋಡುವ ಹಾಗೆ. ರೆಪ್ಪೆ ನೋಡಿದಳು. ಕಣ್ಣು ನೋಡಿದಳು.

"ರೀ. ಆ ಹನಿ ಎಲ್ಲಿಗೆ ಹಾಕ್ತಿದ್ರಿ?"

"ಬಚ್ಚಲಿಗೆ" ಅಂದ.

ಹಳದಿ ತುಂಡಿನ ಕಥೆ ಆಗ ಹೊರಗೆ ಬಂತು. ಡಾಕ್ಟರು ನಗಲಿಲ್ಲ, ಬೈಯಲೂ ಇಲ್ಲ. ಮೇಜಿನ ಮೇಲಿದ್ದ ಎರಡು ಕಾಗದಗಳನ್ನು ಅವನ ಮುಂದೆ ಇಟ್ಟರು. ಬಟ್ಟಲ ಯಂತ್ರ ಬರೆದ ಅವನ ನೋಟದ ಚಿತ್ರ. ಕಾಣುವ ಕಡೆ ಬಿಳಿ, ಕಾಣದ ಕಡೆ ಕಪ್ಪು, ನಡುವೆ ಬೂದಿಯ ನಾನಾ ಶೇಡು. ಅದನ್ನು ಓದಲು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಎಡಗಣ್ಣಿನದು ನಡುವೆ ಒಂದು ಚುಕ್ಕೆ ಬಿಟ್ಟರೆ ಕಪ್ಪೋ ಕಪ್ಪು. ಬಲಗಣ್ಣಿನದು ಮೊದಲ ಕಾಗದದಲ್ಲಿ ತೆಳು ಬೂದಿ ಇದ್ದ ಕಡೆ ಎರಡನೆಯದರಲ್ಲಿ ಗಾಢ ಬೂದಿ.

ಬಹಳ ಹೊತ್ತು ನೋಡಿದ. ಆಮೇಲೆ ಕೊನೆಯ ವಾದ ಹೂಡಿದ. "ಆದರೆ ಮೇಡಂ, ನನಗೆ ಆ ಕಡೆ ಕಪ್ಪು ಕಾಣ್ತಾ ಇಲ್ಲವಲ್ಲ. ಕಪ್ಪು ನೋಡಿದ್ರೆ ನನಗೆ ಗೊತ್ತಾಗಲ್ವಾ?"

"ಕಪ್ಪು ಕಾಣೋಕೂ ಕಣ್ಣು ಬೇಕು" ಅಂದರು ಡಾಕ್ಟರು. "ಅಲ್ಲಿ ಕಪ್ಪೂ ಇಲ್ಲ. ಏನೂ ಇಲ್ಲ. ಆಪರೇಷನ್ ಸದ್ಯಕ್ಕೆ ಬೇಡ, ಮೊದಲು ಹನಿ ಕಣ್ಣಿಗೆ ಬೀಳಲಿ. ಬಲಗಣ್ಣಿಂದು ಹೀಗೇ ಹೋದರೆ ಸೊಪ್ಪಿನ ಹೊಲಾನೇ ತಿಂದರೂ ಬರೋದಿಲ್ಲ."

ಮನೆಗೆ ಬರುವ ದಾರಿಯುದ್ದಕ್ಕೂ ಅವಳು ಮಾತಾಡಲಿಲ್ಲ. ಅವಳು ಮಾತಾಡದೇ ಇದ್ದದ್ದು ಆ ಸಂಸಾರದಲ್ಲಿ ಅದೇ ಮೊದಲು. ಅವನು ಹೆದರಿದ್ದು ಕಾಗದ ನೋಡಿದಾಗ ಅಲ್ಲ, ಆಗ. ಮನೆ ಬಾಗಿಲಲ್ಲಿ ಅವಳು ಅವನ ಎಡಗಡೆಗೆ ಬಂದು ನಿಂತು, ಚೌಕಟ್ಟಿಗೂ ಅವನ ಭುಜಕ್ಕೂ ನಡುವೆ ಕೈ ಇಟ್ಟು ಒಳಗೆ ಕಳಿಸಿ, "ಇನ್ನು ಮೇಲೆ ನಾನೇ ಹಾಕೋದು. ಬಚ್ಚಲಲ್ಲಿ ಅಲ್ಲ, ಅಂಗಳದಲ್ಲಿ, ಎಲ್ಲರೂ ನೋಡೋ ಹಾಗೆ" ಅಂದಳು.

ಹನಿ ಹಾಕಿಸಿಕೊಳ್ಳುವುದು ಸುಲಭವಿರಲಿಲ್ಲ. ಹನಿ ಬೀಳುವ ಮೊದಲೇ ಅವನ ಕಣ್ಣು ಮುಚ್ಚಿಕೊಳ್ಳುತ್ತಿತ್ತು. ಬಾಯ್ಲರ್ ತಮ್ಮ ಬಂದು ತಲೆ ಹಿಡಿದುಕೊಂಡ. "ಭಾವ, ಕವಾಟ ತೆಗೀರಿ" ಅಂದ. ಬೈಗುಳ ತಿಂದ. ಆದರೂ ದಿನಾ ಬಂದ. ಒತ್ತಡ ಇಳಿಯಿತು. ಬಲಗಣ್ಣು ಇದ್ದಲ್ಲಿಗೆ ನಿಂತಿತು.

ಉಳಿದದ್ದು ಒಂದು. ಟ್ರಾಲಿಯವಳು ಇನ್ನೂ ಮನೆಯಲ್ಲೇ ಇದ್ದಳು, ಸುಟ್ಟ ಪಾದ ನೆಲಕ್ಕೆ ಊರಲಾಗದೆ. ಹೋಗಿ ನೋಡಿಕೊಂಡು ಬರೋಣ ಎಂದು ಹೆಂಡತಿ ಹೇಳುತ್ತಲೇ ಇದ್ದಳು. ಅವನು ಇವತ್ತು ನಾಳೆ ಅನ್ನುತ್ತಿದ್ದ. ಹೋದರೆ ಏನು ಹೇಳಬೇಕು? ಓಣಿ ಕಿರಿದಾಗಿತ್ತು ಎಂದು ಇಡೀ ಸಂಘ ಒಪ್ಪಿಸಿದ ಮೇಲೆ, ಓಣಿಯದಲ್ಲ ನನ್ನ ಕಣ್ಣಿನದ್ದು ಅಂದರೆ? ಬೇರೆ ಯಾವನಾದರೂ ಹೇಳಿಬಿಡಬಹುದು. ಮುಷ್ಕರ ಗೆಲ್ಲಿಸಿದ ಕಣ್ಣು ಹೇಗೆ ಹೇಳುತ್ತದೆ?

ಒಂದು ಸಂಜೆ ಹೋದರು. ನಾನೂ ಜೊತೆಗಿದ್ದೆ. ಅವಳದು ಒಂದೇ ಕೋಣೆಯ ಮನೆ, ಗೋಡೆಗೆ ಆನಿಸಿದ ಮಂಚ, ಎರಡು ಕುರ್ಚಿ. ಅವಳು ಪಾದವನ್ನು ದಿಂಬಿನ ಮೇಲಿಟ್ಟುಕೊಂಡು ಕೂತಿದ್ದಳು. ಕೋಲು ಊರಿಕೊಂಡು ಎದ್ದು, ಬೇಡ ಬೇಡ ಅಂದರೂ ಕೇಳದೆ, ಲೋಟಗಳಲ್ಲಿ ನೀರು ತಂದು ಶೇಡಣ್ಣನದನ್ನು ಅವನ ಎಡಗಡೆಯ ಸ್ಟೂಲಿನ ಮೇಲಿಟ್ಟಳು.

ನಾವು ಕುಡಿದೆವು. ಅವನು ಕುಡಿಯಲಿಲ್ಲ. ಪಾದ ಹೇಗಿದೆ, ಡಾಕ್ಟರು ಏನಂದರು ಎಂದು ಎದುರಿಗೆ ನೋಡುತ್ತಾ ಕೇಳುತ್ತಿದ್ದ. ಅವಳ ಮುಖ ಬಿಗಿಯುತ್ತಾ ಹೋಯಿತು.

"ಶೇಡಣ್ಣ, ನಮ್ಮ ಮನೆ ನೀರು ಗಂಟಲಲ್ಲಿ ಇಳಿಯಲ್ವಾ?"

"ಅಯ್ಯೋ, ಎಲ್ಲಿದೆ ನೀರು?"

"ಕಣ್ಣ ಮುಂದೆನೇ ಇಟ್ಟಿದ್ದೀನಿ. ಬಡವರ ಲೋಟ, ಕಾಣಿಸ್ತಿಲ್ಲ ಬಿಡಿ. ನನ್ನ ಟ್ರಾಲಿನೂ ಕಾಣಿಸ್ಲಿಲ್ಲ."

ಹೆಂಡತಿ ಬಾಯಿ ತೆರೆದಳು. ಅವನು ಕೈ ಎತ್ತಿ ತಡೆದ. ಕತ್ತನ್ನು ಪೂರ್ತಿ ಎಡಕ್ಕೆ ತಿರುಗಿಸಿದ, ಹಿಂದೆ ಯಾರೋ ಕರೆದಂತೆ. ಲೋಟ ಕಂಡಿತು. ತೆಗೆದುಕೊಂಡು ಒಂದೇ ಗುಟುಕಿಗೆ ಕುಡಿದು ಕೆಳಗಿಟ್ಟ.

"ಕಾಣಿಸ್ಲಿಲ್ಲ ತಾಯಿ. ಆ ಕಡೆ ನನಗೆ ಕಾಣಿಸೋದೇ ಇಲ್ಲ. ಆವತ್ತೂ ಕಾಣಿಸ್ಲಿಲ್ಲ. ಓಣಿ ಸರಿಯಾಗೇ ಇತ್ತು."

ಸಂಘದವನಾದ ನನ್ನ ಮುಂದೆ ಅವನು ಇದನ್ನು ಹೇಳಿದ. ನಾನು ಕೆಮ್ಮಿದೆ. ಅವಳು ನನ್ನ ಕಡೆ ನೋಡಲಿಲ್ಲ, ಅವನನ್ನೇ ನೋಡುತ್ತಿದ್ದಳು.

"ಎಷ್ಟು ದಿನದಿಂದ?"

"ಗೊತ್ತಿಲ್ಲ. ಹೋಗ್ತಾ ಇರೋದು ಗೊತ್ತಾಗಲ್ಲ ಅದು."

"ಸೊಪ್ಪು ತಿನ್ನಿ ಸೊಪ್ಪು ತಿನ್ನಿ ಅಂತ ಊರಿಗೆಲ್ಲ ಸಾರಿದ್ರಿ. ನಾನೂ ತಿಂದೆ ಕಣಣ್ಣ, ಹೊಟ್ಟೆ ಕೆಟ್ಟು ಮೂರು ದಿನ ಮಲಗಿದ್ದೆ."

"ತಿನ್ನು, ಒಳ್ಳೇದೇ" ಅಂದ ಅವನು, ಡಾಕ್ಟರ ದನಿಯಲ್ಲೇ. "ಆದ್ರೆ ಅದು ಇದಕ್ಕಲ್ಲ."

ಹೊರಗೆ ಬೆಳಕು ಇಳಿಯುತ್ತಿತ್ತು. ಹನಿಯ ಹೊತ್ತಾಗಿತ್ತು. ಹೆಂಡತಿ ಚೀಲದಿಂದ ಬಾಟಲಿ ತೆಗೆದು ಅವನ ತಲೆಯನ್ನು ಹಿಂದಕ್ಕೆ ಬಗ್ಗಿಸಿದಳು. ಮೊದಲ ಹನಿ ಕೆನ್ನೆಯ ಮೇಲೆ ಹೋಯಿತು. ಎರಡನೆಯದು ಮೂಗಿನ ಮೇಲೆ. ಮಂಚದ ಮೇಲಿದ್ದವಳು ಸ್ವಲ್ಪ ಹೊತ್ತು ನೋಡಿದಳು, ತಡೆಯಲಾಗದೆ ಕೈ ಚಾಚಿದಳು.

"ಅಕ್ಕಾ, ಕೊಡಿ ಇಲ್ಲಿ. ಅವರು ನನ್ನ ಕಾಲಿಗೆ ಹುಯ್ದರು, ನಾನು ಅವರ ಕಣ್ಣಿಗೆ ಹುಯ್ತೀನಿ. ಅಲ್ಲಿಗೆ ಸರಿಹೋಯ್ತು."

ಅವನು ಕುರ್ಚಿಯನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡು ತಲೆಯನ್ನು ಅಂಚಿಗೆ ಒರಗಿಸಿದ. ಅವಳು ಹೆಬ್ಬೆರಳಿನಿಂದ ಕೆಳರೆಪ್ಪೆ ಎಳೆದು ಹಿಡಿದಳು. ಟ್ರಾಲಿಯ ಹಿಡಿಕೆ ಹಿಡಿದು ಒರಟಾದ ಬೆರಳು.

"ಅಲ್ಲಾಡಬೇಡಿ. ನನ್ನ ಕೈ ಎಡಗಡೆಯಿಂದ ಬರ್ತಾ ಇದೆ, ಗೊತ್ತಾಯ್ತಾ?"

"ಹೇಳಿದ್ದು ಒಳ್ಳೇದಾಯ್ತು" ಅಂದ ಶೇಡಣ್ಣ. ಕಣ್ಣು ಮುಚ್ಚಲಿಲ್ಲ.